ಹನ್ನೊಂದು ಚೀಲ ಸಿಮೆಂಟಿನ ಬಿಲ್ಲು

2024ರ ನವೆಂಬರ್ 18, ಸೋಮವಾರ, ಬೆಳಿಗ್ಗೆ 10.40. ಮೆಟ್ರಿಯಿಂದ ಬಸ್ಸು ಹಿಡಿದು ಕಂಪ್ಲಿ ಠಾಣೆಗೆ ಬಂದ ಹೊನ್ನೂರಮ್ಮನ ದೂರು ಮೊದಲಿಗೆ ಅಕ್ಕಿಯದಾಗಿತ್ತು.

"ಮೂರು ತಿಂಗಳಾತ್ರಿ ಅಕ್ಕಿ ನಿಂತು. ಗೃಹಲಕ್ಷ್ಮಿ ರೊಕ್ಕನೂ ನಿಂತೈತಿ. ಕೇಳಿದ್ರ, ನಿನ್ನ ಗಂಡ ಇನ್‌ಕಮ್ ಟ್ಯಾಕ್ಸ್ ಕಟ್ಟೋ ಮನಷ್ಯಾ ಅದಾನ, ನೀ ಬಡವಿ ಅಲ್ಲ ಅಂತಾರ."

ಹೆಡ್ ಕಾನ್‌ಸ್ಟೆಬಲ್ ಅಂಜಿನಿ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಅಕ್ಕಿ ವಿಚಾರಕ್ಕ ಫುಡ್ ಆಫೀಸಿಗೆ ಹೋಗ್ಬೇಕಮ್ಮ. ಇದು ಠಾಣೆ."

"ಹೋಗಿದ್ನಲ್ಲ! ನಿನ್ನ ಗಂಡನ್ನ ಕರ್ಕೊಂಡು ಬಾ ಅಂದ್ರು. ಅಂವ ಮನಿ ಬಿಟ್ಟು ಎರಡೂವರಿ ವರ್ಷ ದಾಟೇತಿ. ಕಾಣೆಯಾದ ಗಂಡನ್ನ ಹುಡುಕಾಕ ಯಾವ ಆಫೀಸಿಗೆ ಹೋಗ್ಬೇಕು, ನೀವೇ ಹೇಳ್ರಿ."

ಒಳಗಿನ ಕೋಣೆಯಲ್ಲಿ ಕಡತ ತಿರುವುತ್ತಿದ್ದ ಇನ್‌ಸ್ಪೆಕ್ಟರ್ ಪಂಪಾವತಿ ತಲೆಯೆತ್ತಿದರು. ಆ ತಿಂಗಳು ಠಾಣೆಯಲ್ಲಿ ಯಾರೂ ಇಷ್ಟು ತರ್ಕಬದ್ಧವಾಗಿ ಮಾತಾಡಿರಲಿಲ್ಲ, ಸಿಬ್ಬಂದಿಯನ್ನೂ ಸೇರಿಸಿ.

"ಒಳಗ ಕಳಸ್ರಿ ಅಂಜಿನಿ. ನೀವೂ ಬರ್ರಿ, ಹಾಳಿ ತಗೊಂಡು."

ಹೊನ್ನೂರಮ್ಮನಿಗೆ ನಲವತ್ತೈದರ ಆಸುಪಾಸು. ಗಂಡ ಉಚ್ಚೆಂಗಪ್ಪ ಕಂಪ್ಲಿಯ ಶಾಮಿಯಾನ ಮುರುಗೇಶನ ಹತ್ತಿರ ಕುರ್ಚಿ, ಪಾತ್ರೆ, ಕಂಬ ಹೊರುವ ಕೆಲಸಕ್ಕಿದ್ದ. ಮೆಟ್ರಿ ರಸ್ತೆಯಲ್ಲಿ ಅಪ್ಪನ ಕಾಲದ ಒಂದು ಸೈಟು ಅವನ ಹೆಸರಲ್ಲಿತ್ತು. ಅದರ ಮೇಲೆ ಮುರುಗೇಶನೇ ತಗಡಿನ ಗೋದಾಮು ಹಾಕಿಕೊಂಡು, ಜಾಗಕ್ಕೆ ತಿಂಗಳಿಗೆ ಮೂರು ಸಾವಿರ ಬಾಡಿಗೆ ಕೊಡುತ್ತಿದ್ದ.

"ಕೊನೀಗೆ ಯಾವಾಗ ನೋಡಿದ್ರಿ?"

"ಫೆಬ್ರವರಿ ಹನ್ನೊಂದು, ಶುಕ್ರವಾರ. ಎರಡು ಸಾವಿರದ ಇಪ್ಪತ್ತೆರಡು. ಮನಿ ಮಂಜೂರಿ ಅರ್ಜಿಗೆ ಬ್ಯಾಂಕಿನ ಪಾಸ್‌ಬುಕ್ ಕೇಳಿದ್ರು. ಎಂಟ್ರಿ ಹಾಕಿಸ್ಕೊಂಡು ಮುರುಗೇಶಣ್ಣನ ಹಂತೇಕ ಹೋಗಿ ಬರ್ತೀನಿ ಅಂದ. ಹೋದ."

"ಆಮ್ಯಾಲ?"

"ಮುರುಗೇಶಣ್ಣ ಹೇಳಿದ, ರತ್ನಾಗಿರಿ ಕಡಿ ಮಾವಿನ ಗೋದಾಮಿನಾಗ ಕೆಲಸ ಸಿಕ್ಕೈತಂತ, ತನಗ ಫೋನ್ ಮಾಡಿದ್ದ ಅಂತ. ತಿಂಗಳಾ ತಿಂಗಳಾ ಬಾಡಿಗಿ ಮಾತ್ರ ಮುರುಗೇಶಣ್ಣನೇ ತಂದು ಕೊಡ್ತಾನ, ಪಾಪ."

"ಇಷ್ಟು ದಿನ ದೂರು ಯಾಕ ಕೊಡ್ಲಿಲ್ಲ?"

"ಹಿಂದೊಮ್ಮೆ ಗೋವಾಕ್ಕ ಹೋಗಿ ಎಂಟು ತಿಂಗಳಿಗೆ ಬಂದಿದ್ದ. ಹಂಗ ಅನ್ಕೊಂಡೆ. ಅಲ್ಲಿ ಒಬ್ಬಾಕಿನ್ನ ಇಟ್ಕೊಂಡಾನಂತನೂ ಸುದ್ದಿ ಬಂತು. ಮಗಳ ಲಗ್ನಕ್ಕೂ ಬರ್ಲಿಲ್ಲ ನೋಡ್ರಿ. ಈಗ ನೋಡಿದ್ರ ಟ್ಯಾಕ್ಸ್ ಕಟ್ಟೂವಷ್ಟು ಗಳಿಸಾಕ ಹತ್ಯಾನ! ಸರ್ಕಾರಕ್ಕ ರೊಕ್ಕ ಕಟ್ತಾನ, ಹೆಂಡ್ತಿಗೆ ಅಕ್ಕಿ ಇಲ್ಲ. ಮಣ್ಣಾಗ ಹೋಗ್ಲಿ ಅಂವ. ಬರ್ಕೋರಿ, ಅದನ್ನೂ ಬರ್ಕೋರಿ."

ಅಂಜಿನಿ ಬರೆದುಕೊಂಡ. ಹಿಂದೆ ಒಂದು ಪ್ರಕರಣದಲ್ಲಿ ಫಿರ್ಯಾದಿಯ ಮಾತನ್ನು ತಿದ್ದಿ ಚೆಂದ ಮಾಡಿದ್ದಕ್ಕೆ ನ್ಯಾಯಾಧೀಶರಿಂದ ಬೈಸಿಕೊಂಡವನು. ಅಂದಿನಿಂದ ಕೆಮ್ಮೊಂದನ್ನು ಬಿಟ್ಟು ಎಲ್ಲವನ್ನೂ ಬರೆಯುತ್ತಿದ್ದ. 11.50ಕ್ಕೆ ಮನುಷ್ಯ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಹೊನ್ನೂರಮ್ಮ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ, ಬಾಗಿಲಲ್ಲಿ ತಿರುಗಿ ನಿಂತಳು.

"ಬದುಕ್ಯಾನ ಅಂತಾತಲ್ರಿ? ಟ್ಯಾಕ್ಸ್ ಕಟ್ಯಾನ ಅಂದ್ರ ಬದುಕಿರಬೇಕಲ್ಲ?"

ಬೈಗುಳವೆಲ್ಲ ಈ ಒಂದು ಪ್ರಶ್ನೆಯನ್ನು ಹೊತ್ತು ತರುವುದಕ್ಕೆ ಎಂದು ಪಂಪಾವತಿಗೆ ಆಗ ಅರ್ಥವಾಯಿತು. "ನೋಡೋಣಮ್ಮ" ಎಂದರು.

ಉಚ್ಚೆಂಗಪ್ಪನ ಉದ್ಯೋಗ ಖಾತ್ರಿ ಕಾರ್ಡಿನಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಇತ್ತು. ಬ್ಯಾಂಕಿಗೆ ನೋಟಿಸು ಕೊಟ್ಟ ಮೂರನೆಯ ದಿನ, ನವೆಂಬರ್ 21ರ ಮಧ್ಯಾಹ್ನ, ಐದು ವರ್ಷಗಳ ಹಾಳೆಗಳು ಬಂದವು. ಪ್ರತಿ ತಿಂಗಳ ಐದನೇ ತಾರೀಕು ಮುರುಗೇಶನ ಶಾಮಿಯಾನ ಸಂಸ್ಥೆಯಿಂದ ಹತ್ತೊಂಬತ್ತು ಸಾವಿರ ಜಮಾ. ಆರನೇ ತಾರೀಕು ಕಂಪ್ಲಿಯ ಎಟಿಎಂನಿಂದ ಹತ್ತೊಂಬತ್ತು ಸಾವಿರ ಖರ್ಚು. ಉಚ್ಚೆಂಗಪ್ಪ ಊರಲ್ಲಿದ್ದಾಗಲೂ ಹಾಗೇ, ರತ್ನಾಗಿರಿಗೆ ಹೋದ ಮೇಲೂ ಹಾಗೇ.

"ರತ್ನಾಗಿರಿಯಿಂದ ತಿಂಗಳಾ ಬಂದು ರೊಕ್ಕ ತಗೊಂಡು ಹೋಗ್ತಾನೇನ್ರಿ ಮೇಡಂ? ಹೆಂಡ್ತಿ ಮಾರಿ ನೋಡ್ದಂಗ?" ಎಂದ ಅಂಜಿನಿ.

"ಮೂರು ಸಾವಿರದ ಬಾಡಿಗಿ ಬ್ಯಾಂಕಿಗೆ ಹೋಗೂದ್ರಾಗ ಹತ್ತೊಂಬತ್ತು ಆಗೈತಲ್ಲ, ಅದನ್ನ ಮೊದಲು ಕೇಳೋಣ."

ಸುಳ್ಳು ಬಾಡಿಗೆಯ ವಾಸನೆ ಪಂಪಾವತಿಗೆ ಹೊಸದಲ್ಲ. ಹೊಸಪೇಟೆಯಲ್ಲಿ ಅವರಿರುವುದು ಅತ್ತೆ ತಾಯಕ್ಕನ ಮನೆಯಲ್ಲಿ. ಪ್ರತಿ ಜನವರಿಯಲ್ಲಿ ಸೊಸೆಯ ಸಂಬಳದ ತೆರಿಗೆ ಉಳಿಸಲು ತಾಯಕ್ಕ ಹನ್ನೆರಡು ಬಾಡಿಗೆ ರಸೀದಿಗಳಿಗೆ ಒಟ್ಟಿಗೆ ಸಹಿ ಹಾಕಿ, "ಈ ವರ್ಷನಾದ್ರೂ ರೊಕ್ಕ ಕೈಗೆ ಬರ್ತೈತೋ, ಬರೀ ಸಹಿನೋ?" ಎಂದು ಕೇಳುವುದು ಆ ಮನೆಯ ವಾರ್ಷಿಕ ಸಂಪ್ರದಾಯ.

ಕರೆಸಿದ ಅರ್ಧ ಗಂಟೆಯಲ್ಲಿ ಮುರುಗೇಶ ಠಾಣೆಗೆ ಬಂದ. ಐವತ್ತರ ಗಟ್ಟಿ ಆಳು. ಕುಳಿತುಕೊಳ್ಳುವ ಮೊದಲು ಠಾಣೆಯ ಪ್ಲಾಸ್ಟಿಕ್ ಕುರ್ಚಿಯ ಕಾಲನ್ನು ಅಲ್ಲಾಡಿಸಿ ನೋಡಿದ.

"ಉಚ್ಚೆಂಗಪ್ಪ ಎಲ್ಲಿ ಅದಾನ?"

"ರತ್ನಾಗಿರಿಯಾಗ್ರಿ."

"ನಂಬರ್?"

"ಅಂವನೇ ಯಾರ್ಯಾರದೋ ಫೋನಿಂದ ಮಾಡ್ತಾನ್ರಿ. ಈಗ ಆರು ತಿಂಗಳಾತು, ಮಾಡಿಲ್ಲ."

"ಎಟಿಎಂ ಕಾರ್ಡು?"

"ನನ್ನ ಹಂತೇಕನೇ ಐತ್ರಿ. ಅವಂಗ ಮಷೀನು ಬರ್ತಿರ್ಲಿಲ್ಲ. ನಾ ತೆಗೆದು ಅವನ ಮನ್ಯಾಗ ಕೊಡ್ತೀನಿ."

"ಹತ್ತೊಂಬತ್ತು ತೆಗೆದು ಮೂರು ಕೊಡ್ತಿ."

ಅವನು ನಕ್ಕ. ನಾಚಿಕೆಯ ನಗೆಯಲ್ಲ, ಎದುರಿಗಿರುವವರಿಗೆ ಲೋಕವ್ಯವಹಾರ ತಿಳಿಯದು ಎಂಬ ಕನಿಕರದ ನಗೆ. "ಮೇಡಂ, ಒಪ್ಪಂದ ಮೂರೇ ಸಾವಿರದ್ದು. ಉಳಿದಿದ್ದು ಟ್ಯಾಕ್ಸಿನ ಸಲುವಾಗಿ ತೋರ್ಸೋದು. ಯಾಪಾರಸ್ತರು ಯಾರು ತೋರ್ಸಲ್ಲ ಹೇಳ್ರಿ? ಹೊಸಪೇಟ್ಯಾಗ ತಿರುಮಲಾಚಾರ್ ಅದಾರ, ನನ್ನ ಲೆಕ್ಕ ಎಲ್ಲಾ ಅವರ ಹಂತೇಕ ಐತಿ. ಹೋಗಿ ನೋಡ್ರಿ. ಒಂದು ಚೀಟಿ ಕಮ್ಮಿ ಇದ್ರ ಕೇಳ್ರಿ."

ಆ ಹೆಮ್ಮೆಯಲ್ಲಿ ಅವನು ತಾನಾಗಿಯೇ ದಾರಿ ತೋರಿಸಿದ್ದ.

ನವೆಂಬರ್ 22, ಶುಕ್ರವಾರ, ಬೆಳಿಗ್ಗೆ 11.15. ಹೊಸಪೇಟೆಯ ಸ್ಟೇಷನ್ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ತೆರಿಗೆ ಸಲಹೆಗಾರ ತಿರುಮಲಾಚಾರ್‌ಗೆ ಅರವತ್ತೆರಡು. ಹಣೆಯಲ್ಲಿ ಅಂಗಾರ ಅಕ್ಷತೆ, ಮೇಜಿನ ಮೇಲೆ ಮೂರು ಫೋನು. ಪೊಲೀಸರನ್ನು ಕಂಡು ಗಾಬರಿಯಾದರೂ, ತೆರಿಗೆಯ ಬಗ್ಗೆ ಕೇಳುತ್ತಾರೆಂದು ತಿಳಿದೊಡನೆ ಅವರ ಮುಖ ಅರಳಿತು. ಹಾಗೆ ಕೇಳುವವರು ಅವರಿಗೆ ಮನೆಯಲ್ಲೂ ಸಿಗುತ್ತಿರಲಿಲ್ಲವೆಂದು ಕಾಣುತ್ತದೆ.

"ಕುಂದ್ರಿ, ಕುಂದ್ರಿ. ನೋಡ್ರಿ ಮೇಡಂ, ಮುರುಗೇಶ್ ವ್ಯಾಪಾರಿ. ಗೋದಾಮಿನ ಬಾಡಿಗಿ ಕೊಟ್ರ ಅದು ವ್ಯಾಪಾರದ ಖರ್ಚು, ಆದಾಯದಾಗ ಕಳೀತೀವಿ. ವರ್ಷಕ್ಕ ಎರಡು ಲಕ್ಷದ ಇಪ್ಪತ್ತೆಂಟು ಸಾವಿರ. ಎರಡು ನಲವತ್ತು ದಾಟಿದ್ರ ಬಾಡಿಗಿಯೊಳಗ ತೆರಿಗಿ ಹಿಡೀಬೇಕಾಗ್ತದ, ಅದಕ್ಕ ದಾಟಂಗಿಲ್ಲ. ನಗದು ಕೊಟ್ರ ಹತ್ತು ಸಾವಿರದ ಮ್ಯಾಲ ಒಪ್ಪೂದಿಲ್ಲ, ಅದಕ್ಕ ಬ್ಯಾಂಕಿನಿಂದ."

"ಉಚ್ಚೆಂಗಪ್ಪನ ಹೆಸರಾಗ ರಿಟರ್ನ್ ಯಾಕ ಹಾಕಿದ್ರಿ?"

"ಬಾಡಿಗಿ ತಗೊಂಡವನೂ ತೋರಿಸಿದ್ರ ಖರ್ಚು ಗಟ್ಟಿ ನಿಲ್ತದ. ಅವನಿಗೇನೂ ಬೀಳೂದಿಲ್ರಿ. ಕಾಗದದಾಗ ಗೋದಾಮೂ ಅವನದೇ. ಪುರಸಭೆ ತೆರಿಗಿ ಎರಡು ಸಾವಿರದ ನಾಕ್ನೂರು ಕಳೀರಿ. ಉಳಿದಿದ್ದರಾಗ ಮಾಲೀಕಗ ನೂರಕ್ಕ ಮೂವತ್ತು ಮಾಫಿ, ರಿಪೇರಿ ಅದು ಇದು ಅಂತ. ರಿಪೇರಿ ಮಾಡಿಸ್ಲಿ ಬಿಡ್ಲಿ, ಕೇಳೂದಿಲ್ಲ. ಒಂದು ಲಕ್ಷದ ಐವತ್ತೇಳು ಸಾವಿರ ಚಿಲ್ಲರ ಆದಾಯ. ತೆರಿಗಿ ಸೊನ್ನಿ."

ಅಂದರೆ ಉಚ್ಚೆಂಗಪ್ಪ ರಿಟರ್ನ್ ಹಾಕಿದವನು, ತೆರಿಗೆ ಕಟ್ಟಿದವನಲ್ಲ. ಅಕ್ಕಿ ನಿಲ್ಲಿಸಿದ ಪಟ್ಟಿಗೆ ಈ ವ್ಯತ್ಯಾಸ ನೋಡುವಷ್ಟು ವ್ಯವಧಾನ ಇರಲಿಲ್ಲ.

"ಅವನನ್ನ ನೋಡಿದ್ರಿ?"

"ಒಮ್ಮೆ. ಎರಡು ಸಾವಿರದ ಹತ್ತೊಂಬತ್ತರಾಗ. ಮೆಟ್ಟಿಲ ಹಂತೇಕ ನಿಂತಿದ್ದ."

"ಈ ವರ್ಷ ಜುಲೈದಾಗ ಅವನ ರಿಟರ್ನ್ ಹಾಕೀರಿ. ನೋಡದೇನ?"

ಆಚಾರ್ಯರು ಕನ್ನಡಕ ತೆಗೆದರು. "ನನ್ನ ಕಕ್ಷಿದಾರರೊಳಗ ಅರ್ಧ ಮಂದಿನ್ನ ನಾ ನೋಡಿಲ್ಲ ಮೇಡಂ. ಅವರ ಒಟಿಪಿ ನೋಡೀನಿ. ಉಚ್ಚೆಂಗಪ್ಪನ ಒಟಿಪಿ ಮುರುಗೇಶನ ಫೋನಿಗೆ ಬರ್ತದ."

ಪಂಪಾವತಿ ಕೇಳಿದ ಕಡತಗಳನ್ನೆಲ್ಲ ಅವರು ತೆಗೆದು ಕೊಟ್ಟರು. ಮುರುಗೇಶ ಹೇಳಿದ್ದು ಸುಳ್ಳಾಗಿರಲಿಲ್ಲ: ಒಂದು ಚೀಟಿಯೂ ಕಮ್ಮಿಯಿರಲಿಲ್ಲ. ಸೂಜಿ, ದಾರ, ಕುರ್ಚಿಯ ಸವಕಳಿ, ಆಳುಗಳ ಚಹಾ. 2023ರ ಮೇ ತಿಂಗಳ ಒಂದು ರಸೀದಿ ನೋಡಿ ಪಂಪಾವತಿಯ ಕೈ ನಿಂತಿತು. ಮೆಟ್ರಿಯಲ್ಲಿ ಒಂದು ಮದುವೆಗೆ ಶಾಮಿಯಾನ ಮತ್ತು ಇನ್ನೂರು ಕುರ್ಚಿ, ಅರ್ಧ ದರದಲ್ಲಿ. ಬಿಟ್ಟ ಅರ್ಧವನ್ನು ಜಾಹೀರಾತಿನ ಖರ್ಚೆಂದು ತೋರಿಸಲಾಗಿತ್ತು. ಮದುವೆ ಉಚ್ಚೆಂಗಪ್ಪನ ಮಗಳದು.

"ಒಂದು ಬಿಲ್ಲು ಬಿಡೂ ಮನಷ್ಯಾ ಅಲ್ಲ" ಎಂದರು ಆಚಾರ್ಯರು, ಮೆಚ್ಚುಗೆಯಿಂದಲೇ.

2022ರ ಫೆಬ್ರವರಿ ಕಟ್ಟಿನಲ್ಲಿ ಆ ಬಿಲ್ಲು ಸಿಕ್ಕಿತು. ದಿನಾಂಕ 12, ಶನಿವಾರ. ಉಚ್ಚೆಂಗಪ್ಪ ಮನೆ ಬಿಟ್ಟ ಮರುದಿನ. ಸಿಮೆಂಟು ಹನ್ನೊಂದು ಚೀಲ, ಉಸುಕು, ಜಲ್ಲಿ. ಒಟ್ಟು 9,080 ರೂಪಾಯಿ, ನಗದು. ಕೆಳಗೆ ಬೇರೆ ಶಾಯಿಯಲ್ಲಿ ಮುರುಗೇಶನ ಅಕ್ಷರ: "ಗೋದಾಮಿನ ಹಿಂದಿನ ಮೂಲೆ ನೆಲ ರಿಪೇರಿ, ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ." ಪಕ್ಕದಲ್ಲಿ ಸಹಿ.

"ಈ ಅಳತಿ ಯಾಕ ಬರ್ದಾನ?"

"ನಾನೇ ಬರಸಿದ್ದು. ರಿಪೇರಿ ಮಾಲೀಕನ ಲೆಕ್ಕದಾಗ ತೋರಿಸಾಕ ಬರೂದಿಲ್ಲ, ಅವನಿಗೆ ಆಗಲೇ ಮೂವತ್ತು ಕೊಟ್ಟಾರಲ್ಲ. ಬಾಡಿಗೀದಾರ ಮಾಡಿಸಿದ್ರ ಅವನ ಖರ್ಚಿನಾಗ ಹಾಕಬಹುದು. ಆದ್ರ ಹೊಸಾದಾಗಿ ನೆಲ ಹಾಕಿಸಿದ್ರ ನಡಿಯೂದಿಲ್ಲ, ಅದು ಬಂಡವಾಳ ಆಗ್ತದ. ತೇಪಿ ಹಚ್ಚಿದ್ರ ಮಾತ್ರ ರಿಪೇರಿ. ಬರೇ ತೇಪಿನೇ ಅಂದ್ರ ಉದ್ದ ಅಗಲ ಬರೀರಿ ಅಂದೆ. ಬಿಲ್ಲು ಹಿಂದ ಮುಂದ ತಿರುಗಿಸಿ ನೋಡಿ, ನನ್ನ ಪೆನ್ನು ಇಸ್ಕೊಂಡ. ಆಮ್ಯಾಲ ಬರ್ದ."

"ಗೌಂಡಿ ಕೂಲಿ ಬಿಲ್ಲು?"

"ಕೇಳಿದೆ. ಇಲ್ಲ ಅಂದ. ನಾನೇ ಮಾಡ್ಕೊಂಡೆ ಅಂದ. ನನಗೂ ಆಶ್ಚರ್ಯ ಆತ್ರಿ. ಚಹಾದ ಚೀಟಿ ತರೂ ಮನಷ್ಯಾ, ಕೂಲಿ ಬಿಟ್ಟ."

ಪಂಪಾವತಿ ಎರಡು ವರ್ಷದ ಹಿಂದೆ ಅತ್ತೆಯ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿ, ಗೌಂಡಿಗಳೊಡನೆ ಚೀಲಕ್ಕೆ ಚೀಲ ಜಗಳವಾಡಿದವರು. ಏಳು ಅಡಿ ಗುಣಿಲೆ ನಾಲ್ಕು ಅಡಿಯ ತೇಪೆಗೆ ಎರಡು ಚೀಲ ಧಾರಾಳ. ಹನ್ನೊಂದು ಚೀಲ ಹಾಕಬೇಕೆಂದರೆ ಕಾಂಕ್ರೀಟು ಎರಡು ಅಡಿ ದಪ್ಪ ಬರಬೇಕು. ಪ್ಲಾಸ್ಟಿಕ್ ಕುರ್ಚಿ ಇಡುವುದಕ್ಕೆ ಯಾರೂ ಎರಡು ಅಡಿ ದಪ್ಪದ ನೆಲ ಹಾಕಿಸುವುದಿಲ್ಲ.

ಬಿಲ್ಲನ್ನು ಜಪ್ತಿ ಪಂಚನಾಮೆಯಲ್ಲಿ ಸೇರಿಸುವಾಗ ಆಚಾರ್ಯರು ಕೇಳಿದರು. "ಏನಾರ ಹೆಚ್ಚು ಕಮ್ಮಿ ಆಗೈತೇನ್ರಿ ಲೆಕ್ಕದಾಗ?"

"ಲೆಕ್ಕ ಸರಿ ಐತ್ರಿ ಆಚಾರ್ರೆ" ಎಂದರು ಪಂಪಾವತಿ. "ಭಾಳ ಸರಿ ಐತಿ."

ನವೆಂಬರ್ 27, ಬುಧವಾರ, ಬೆಳಿಗ್ಗೆ 8.30. ತಹಶೀಲ್ದಾರರು, ವೈದ್ಯರು, ಇಬ್ಬರು ಪಂಚರು, ನೆಲ ಒಡೆಯಲು ಗೌಂಡಿ ಮೂಕಣ್ಣ ಮತ್ತು ಅವನ ಇಬ್ಬರು ಆಳುಗಳು. ಗೋದಾಮಿನ ಹಿಂದಿನ ಮೂಲೆಯಲ್ಲಿ ಕುರ್ಚಿಗಳು ಸೂರು ಮುಟ್ಟುವಂತೆ ಪೇರಿಸಿದ್ದವು. ಅವನ್ನು ಇಳಿಸಿ ಹೊರಗಿಡಲು ಒಂದೂಕಾಲು ಗಂಟೆ ಹಿಡಿಯಿತು. ಕೆಳಗೆ ಸುತ್ತಲಿನ ನೆಲಕ್ಕಿಂತ ಬಿಳುಪಾದ ಒಂದು ಆಯತ. ಅಂಜಿನಿ ಟೇಪು ಹಿಡಿದ. ಏಳು, ನಾಲ್ಕು. ಬಿಲ್ಲು ಪ್ರಾಮಾಣಿಕವಾಗಿತ್ತು.

ಮೂಕಣ್ಣ ಒಂದು ಗಂಟೆ ಮಷೀನು ಹಿಡಿದು, ಬೆವರೊರೆಸಿಕೊಂಡು ಬೈದ. "ಯಾವನಲೇ ಇದನ್ನ ಹಾಕಿದಂವ? ಇದು ನೆಲ ಅಲ್ರಿ ಮೇಡಂ. ಡ್ಯಾಮಿಗೆ ಹಾಕಿದಂಗ ಹಾಕ್ಯಾನ."

ಎರಡು ಅಡಿ ದಾಟಿದ ಮೇಲೆ ಮಣ್ಣು ಬಂತು. ಮೂಕಣ್ಣ ಮಷೀನು ಬದಿಗಿಟ್ಟು ಸಲಿಕೆ ಹಿಡಿದ. 12.20ಕ್ಕೆ ಶಾಮಿಯಾನದ ಕೆಂಪು ಹಳದಿ ಬಟ್ಟೆಯ ಅಂಚು ಕಂಡಿತು. ಬಟ್ಟೆಯೊಳಗೆ ಮೂಳೆಗಳು. ತಲೆಬುರುಡೆಯ ಎಡಭಾಗ ಒಡೆದಿತ್ತು. ಬಲಗಾಲ ಹೆಬ್ಬೆರಳಿನ ಮೂಳೆಗೆ ತಾಮ್ರದ ಸುತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಾಸ್‌ಬುಕ್ಕು. ಪುಟಗಳು ಅಂಟಿಕೊಂಡಿದ್ದರೂ ಅಂಕಿಗಳು ಓದುವಂತಿದ್ದವು.

ತಾಮ್ರದ ಸುತ್ತನ್ನು ಗುರುತಿಸಲು ಹೊನ್ನೂರಮ್ಮನನ್ನು ಕರೆಸಬೇಕಾಯಿತು. ಗೋದಾಮಿನ ಹೊರಗೆ, ಬಿಸಿಲಿನಲ್ಲಿ ಸಾಲಾಗಿ ಇಟ್ಟಿದ್ದ ಕುರ್ಚಿಗಳ ನಡುವೆ ನಿಂತು ಅವಳು ಅದನ್ನು ಅಂಗೈಯಲ್ಲಿ ಹಿಡಿದಳು. ಅಳಲಿಲ್ಲ.

"ಕಾಲು ಉಳುಕಿತ್ತು. ನಾನೇ ಹಾಕಿಸಿದ್ದು" ಎಂದಳು. ಆಮೇಲೆ ಕುರ್ಚಿಗಳ ಕಡೆ ನೋಡಿದಳು. "ಮಗಳ ಲಗ್ನಕ್ಕ ಇವೇ ಕುರ್ಚಿ ಬಂದಿದ್ವು."

ಪಂಪಾವತಿ ಅವಳನ್ನು ಕೂರಿಸಲು ಒಂದು ಕುರ್ಚಿ ಎಳೆದವರು, ಹಾಗೇ ಕೈಬಿಟ್ಟರು. ಅವಳನ್ನು ಜೀಪಿನಲ್ಲಿ ಕೂರಿಸಿದರು.

ಪ್ರಕರಣಕ್ಕೆ ಕೊಲೆ ಮತ್ತು ಸಾಕ್ಷ್ಯನಾಶದ ಕಲಂಗಳು ಸೇರಿದವು. ಕೊಲೆ ಹಳೆಯ ದಂಡಸಂಹಿತೆಯ ಕಾಲದ್ದು, ತನಿಖೆ ಅದೇ ವರ್ಷ ಜುಲೈಯಲ್ಲಿ ಬಂದ ಹೊಸ ಕಾನೂನಿನ ಕಾಲದ್ದು. ಎರಡನ್ನೂ ಬರೆಯಲು ಅಂಜಿನಿ ಅರ್ಧ ತಾಸು ಹೆಚ್ಚು ತೆಗೆದುಕೊಂಡ. ಮಧ್ಯಾಹ್ನ 3.10ಕ್ಕೆ ಮುರುಗೇಶನನ್ನು ಅವನ ಅಂಗಡಿಯಲ್ಲೇ ಬಂಧಿಸಲಾಯಿತು. ಓಡುವ ಪ್ರಯತ್ನ ಮಾಡಲಿಲ್ಲ. ಬಂಧನದ ಪತ್ರಕ್ಕೆ ಸಹಿ ಹಾಕಿ, ತನಗೊಂದು ಪ್ರತಿ ಕೇಳಿದ, ಅಭ್ಯಾಸ.

ಠಾಣೆಯಲ್ಲಿ ಪಂಪಾವತಿ ಬಿಲ್ಲನ್ನು ಅವನ ಮುಂದಿಟ್ಟರು.

"ಇದನ್ನ ಆಚಾರ್ಗೆ ಯಾಕ ಕೊಟ್ಟಿ?"

ಅವನು ತನ್ನದೇ ಅಕ್ಷರ ನೋಡಿದ. "ಬಿಲ್ಲು ಇತ್ತಲ್ರಿ" ಎಂದ.

"ಎಷ್ಟು ಉಳೀತು ಇದರಾಗ?"

"ನೂರಕ್ಕ ಮೂವತ್ತು. ಎರಡು ಸಾವಿರದ ಏಳ್ನೂರಾ ಇಪ್ಪತ್ನಾಲ್ಕು." ತಡವರಿಸದೆ ಹೇಳಿದ.

ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಾಗುವುದಿಲ್ಲವೆಂದು ಅವನ ವಕೀಲ ಆಮೇಲೆ ಅವನಿಗೆ ತಿಳಿಸಿದ. ಅಷ್ಟರಲ್ಲಿ ಅವನು ಎಲ್ಲ ಹೇಳಿಬಿಟ್ಟಿದ್ದ.

"ನಾ ಅವಂಗ ಮೋಸ ಮಾಡಿಲ್ರಿ. ಮೂರು ಅಂತ ಮಾತಾಗಿತ್ತು, ಮೂರು ಕೊಟ್ಟೆ. ಹತ್ತೊಂಬತ್ತು ಬರೇ ಕಾಗದದಾಗ ಇತ್ತು. ಅವತ್ತು ಪಾಸ್‌ಬುಕ್ ಹಿಡ್ಕೊಂಡು ಗೋದಾಮಿಗೆ ಬಂದ. ನನ್ನ ರೊಕ್ಕ ತಿಂದೀಯಲೇ ಅಂದ. ಇದು ತೋರ್ಸೋ ರೊಕ್ಕ ಮಾರಾಯ, ನಿಂದೂ ಅಲ್ಲ ನಂದೂ ಅಲ್ಲ ಅಂತ ಹತ್ತು ಸಲ ಹೇಳಿದೆ. ಕೇಳ್ಲಿಲ್ಲ. ಬ್ಯಾಂಕಿನಾಗ ನನ್ನ ಹೆಸರು ಬರ್ದಾರ, ಬ್ಯಾಂಕಿನವರು ಸುಳ್ಳು ಬರೀತಾರೇನು ಅಂದ. ಇಲ್ಲಾಂದ್ರ ನಾಳೆ ಜಾಗ ಖಾಲಿ ಮಾಡು ಅಂದ. ಮಾಘ ಮಾಸ್ರಿ. ಎಂಟು ಲಗ್ನ ಹಿಡಿದಿದ್ದೆ. ಸಾವಿರದ ಇನ್ನೂರು ಕುರ್ಚಿ ಎಲ್ಲಿಡ್ಲಿ?" ಬಿಲ್ಲನ್ನು ಮೇಜಿನ ಆಚೆ ಸರಿಸಿ, "ಕೈಯಾಗ ಕಂಬ ಇತ್ತು" ಎಂದ.

"ಹೆಂಡ್ತಿಗೆ ಮೂರು ಸಾವಿರ ಕೊಡ್ತಾನೇ ಬಂದಿ."

"ಕೊಡಬೇಕಲ್ರಿ. ಬಾಡಿಗಿ." ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಂವ ಸತ್ತಾನಂತಾದ್ರ ಜಾಗದ ಹೆಸರು ಬದಲಾಗ್ತೈತಿ, ಪ್ಯಾನ್ ನಿಲ್ತೈತಿ. ಬದುಕೇ ಇರಬೇಕಿತ್ತು."

ಕೇಸ್ ಡೈರಿಯಲ್ಲಿ ಪಂಪಾವತಿ ಆ ದಿನ ಬರೆದ ಟಿಪ್ಪಣಿ ಚಿಕ್ಕದು: ಆರೋಪಿಯು ಮೃತನ ಹೆಸರಿನ ಬಾಡಿಗೆಯಿಂದ ವರ್ಷಕ್ಕೆ ಸುಮಾರು ಎಪ್ಪತ್ತು ಸಾವಿರ ತೆರಿಗೆ ಉಳಿಸುತ್ತಿದ್ದನು. ಮೃತನು ಆ ಬಾಡಿಗೆಯನ್ನು ನಿಜವೆಂದು ನಂಬಿದ್ದೇ ಕೊಲೆಗೆ ಕಾರಣ.

ಡಿಎನ್‌ಎ ವರದಿ 2025ರ ಜನವರಿ 10ಕ್ಕೆ ಬಂತು. ನಾಲ್ಕು ದಿನ ಬಿಟ್ಟು ಹೊನ್ನೂರಮ್ಮ ಬಂದಳು. ಅಕ್ಕಿ ಮತ್ತೆ ಶುರುವಾಗಲು ಗಂಡ ತೀರಿಕೊಂಡ ದಾಖಲೆ ಬೇಕಾಗಿತ್ತು. ಅದಕ್ಕೆ ಠಾಣೆಯ ಪತ್ರ ಬೇಕಾಗಿತ್ತು. ಅಂಜಿನಿ ಪತ್ರ ಕೊಟ್ಟ. ಅವಳು ಹೋಗಲಿಲ್ಲ.

"ಮೇಡಂ, ಅವತ್ತು ನಾ ಕೊಟ್ಟ ಕಂಪ್ಲೇಂಟು ಐತ್ಯಲ್ಲ. ಅದನ್ನ ಕೋರ್ಟಿನಾಗ ಓದ್ತಾರೇನ್ರಿ?"

"ಓದ್ತಾರ."

"ಅದರಾಗ ಒಂದು ಮಾತು ಆಡಿದ್ದೆ. ಸಿಟ್ಟಿನಾಗ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಎರಡೂವರಿ ವರ್ಷ ದಿನಾ ಆಡಿದೀನಿ ಆ ಮಾತು. ಅಂವ ಆಗಲೇ ಮಣ್ಣಾಗ… ಅದೊಂದನ್ನ ಹೊಡದು ಹಾಕ್ರಿ. ನಿಮ್ಮ ಕಾಲು ಹಿಡೀತೀನಿ."

ದಾಖಲಾದ ಫಿರ್ಯಾದಿನಲ್ಲಿ ಒಂದಕ್ಷರ ಅಳಿಸಲೂ ಬರುವುದಿಲ್ಲ. ಪಂಪಾವತಿ ಕಡತ ತೆಗೆದರು. ಅಂಜಿನಿಯ ದುಂಡು ಅಕ್ಷರ, ಎರಡನೇ ಪುಟ, ಮೇಲಿನಿಂದ ಆರನೇ ಸಾಲು. ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು.

"ನನ್ನ ಗಂಡ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿರುವುದಾಗಿ ತಿಳಿದುಬಂದಿದ್ದು, ನನಗೆ ಅಕ್ಕಿ ಇರುವುದಿಲ್ಲ." ಬೆರಳು ಸಾಲಿನ ಉಳಿದ ಭಾಗದ ಮೇಲೆ ನಿಧಾನವಾಗಿ ಸರಿದು ಕೆಳಗಿಳಿಯಿತು. "ಆದ್ದರಿಂದ ಆತನನ್ನು ಹುಡುಕಿ ಕೊಡಬೇಕೆಂದು ಕೋರುತ್ತೇನೆ. ಇಷ್ಟೇ ಐತಮ್ಮ. ನೀ ಅಂದಿದ್ದನ್ನ ಬರದಿಲ್ಲ."

ಹೊನ್ನೂರಮ್ಮ ಅಂಜಿನಿಯತ್ತ ನೋಡಿದಳು. ಕೆಮ್ಮೊಂದನ್ನು ಬಿಟ್ಟು ಎಲ್ಲವನ್ನೂ ಬರೆಯುವ ಅಂಜಿನಿ ಕೆಮ್ಮಿದ.

"ಇಲ್ಲಮ್ಮ" ಎಂದ. "ಬರದಿಲ್ಲ."